ಮೃಗಶಿರ ಮಳೆ ಜೂನಿನಲ್ಲಿ, ಮಾರ್ಗಶಿರ ಡಿಸೆಂಬರಿನಲ್ಲಿ: ತಿಂಗಳ ಹೆಸರನ್ನು ಆಕಾಶದಲ್ಲಿ ಓದುವ ಬಗೆ

ಮೃಗಶಿರ ಮಳೆ ಹಿಡಿಯುವುದು ಜೂನ್ ಎರಡನೆಯ ವಾರದಲ್ಲಿ. ಮಾರ್ಗಶಿರ ಮಾಸ ಬರುವುದು ಡಿಸೆಂಬರಿನ ಚಳಿಯಲ್ಲಿ. ನಕ್ಷತ್ರ ಒಂದೇ, ನಡುವೆ ಆರು ತಿಂಗಳು. ಯಾಕೆ ಹೀಗೆ ಎಂದು ಚಿಕ್ಕಂದಿನಲ್ಲಿ ಅಜ್ಜನನ್ನು ಕೇಳಿದ್ದೆ. "ಅದು ಹಾಗೆಯೇ" ಎಂದು ಅವರು ಎಲೆಗೆ ಸುಣ್ಣ ಸವರತೊಡಗಿದರು. ಉತ್ತರ ಸಿಕ್ಕಿದ್ದು ನಲವತ್ತು ದಾಟಿದ ಮೇಲೆ, ಮನೆಯ ತಾರಸಿಯಲ್ಲಿ. ನೀವು ಅಷ್ಟು ಕಾಯಬೇಕಿಲ್ಲ, ಎರಡು ರಾತ್ರಿ ಸಾಕು.

ಮೊದಲು ಪದಗಳನ್ನು ಬಿಡಿಸಿಕೊಳ್ಳಿ. ಹಳಗನ್ನಡದಲ್ಲಿ ‘ತಿಂಗಳ್’ ಎಂದರೆ ಚಂದ್ರ. ತಮಿಳಿನಲ್ಲಿ ಅದು ಚಂದ್ರನೂ ಹೌದು, ಮಾಸವೂ ಹೌದು, ಸೋಮವಾರವೂ ಹೌದು. ನಮ್ಮಲ್ಲಿ ಆ ಹಳೆಯ ಅರ್ಥ ‘ಬೆಳದಿಂಗಳು’ ಎಂಬ ಮಾತಿನೊಳಗೆ ಅವಿತು ಉಳಿದಿದೆ: ಬೆಳ್ಳನೆಯ ತಿಂಗಳು, ಸಂಧಿಯಲ್ಲಿ ತಕಾರ ದಕಾರವಾಗಿದೆ. ತಿಂಗಳನ್ನು ಸಂಬಳದಿಂದ ಎಣಿಸುವ ನಮಗೆ ಚಂದ್ರ ಮರೆತುಹೋಗಿದ್ದರೆ ಆಶ್ಚರ್ಯವಿಲ್ಲ.

ಮಾರ್ಗಶಿರದ ‘ಮಾರ್ಗ’ ದಾರಿಯಲ್ಲ. ಕೃತ್ತಿಕೆಯಿಂದ ಕಾರ್ತಿಕ ಆದ ಹಾಗೆ, ಮೃಗಶಿರದಿಂದ, ಅಂದರೆ ಜಿಂಕೆಯ ತಲೆಯಿಂದ, ಮಾರ್ಗಶಿರ. ಹುಣ್ಣಿಮೆಯ ಚಂದ್ರ ಯಾವ ನಕ್ಷತ್ರದ ಬಳಿ ನಿಲ್ಲುತ್ತಾನೋ ಆ ಮಾಸಕ್ಕೆ ಅದರ ಹೆಸರು.

ಇನ್ನು ತಾರಸಿ ಹತ್ತಿ. ನಾನು ಮಾಡಿದ ತಪ್ಪು, ನೇರವಾಗಿ ಹುಣ್ಣಿಮೆಯ ದಿನವೇ ಹೋದದ್ದು. ಬೆಳದಿಂಗಳಿನಲ್ಲಿ ಜಿಂಕೆಯ ತಲೆ ಕರಗಿಹೋಗಿತ್ತು. ನೀವು ಹದಿನೈದು ದಿನ ಮೊದಲೇ, ಕಾರ್ತಿಕ ಮುಗಿಯುವ ಅಮಾವಾಸ್ಯೆಯಂದು, ರಾತ್ರಿ ಹತ್ತರ ಹೊತ್ತಿಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಒಂದರ ಕೆಳಗೊಂದು ಪೋಣಿಸಿದಂತೆ ಸರಿಸಮ ಅಂತರದ ಮೂರು ನಕ್ಷತ್ರಗಳು ಕಾಣುತ್ತವೆ. ಅವುಗಳ ಎಡಕ್ಕೆ ಎರಡು ಪ್ರಕಾಶಮಾನ ನಕ್ಷತ್ರಗಳಿವೆ. ಕೆಳಗಿನದು ಕೆಂಡದ ಬಣ್ಣದ್ದು, ಅದೇ ಆರಿದ್ರಾ. ಇನ್ನೂ ಎಡಕ್ಕೆ, ಈ ಎರಡರ ನಡುವಿನ ಎತ್ತರದಲ್ಲಿ, ಮೂರು ಮಂಕು ಚುಕ್ಕೆಗಳ ಪುಟ್ಟ ಮುಕ್ಕೋನ. ನೇರ ದಿಟ್ಟಿಸಿದರೆ ಜಾರಿಕೊಳ್ಳುತ್ತದೆ, ಓರೆಗಣ್ಣಿಗೆ ಸಿಗುತ್ತದೆ. ಅದು ಮೃಗಶಿರ.

ಹುಣ್ಣಿಮೆಯಂದು ಮತ್ತೆ ಹೋಗಿ. ನೀರಿನ ಟ್ಯಾಂಕಿನ ನೆರಳಿನಲ್ಲಿ ನಿಂತು, ಚಂದ್ರನನ್ನು ಅದರ ಅಂಚಿನ ಹಿಂದೆ ಮರೆಮಾಡಿ. ಆ ಮೂರು ನಕ್ಷತ್ರ ಮತ್ತು ಆರಿದ್ರಾ ಕಾಣುತ್ತವೆ, ಮುಕ್ಕೋನದ ಜಾಗವನ್ನು ನೆನಪಿನಿಂದ ಗುರುತಿಸಿ. ಚಂದ್ರ ಅದರ ಮೇಲೆಯೇ ಕುಳಿತಿರುವುದಿಲ್ಲ. ಕೈ ಚಾಚಿ ಹಿಡಿದ ಮುಷ್ಟಿಯ ಅಳತೆಯಲ್ಲಿ ಎಡಕ್ಕೆ ಒಂದೆರಡು ಮುಷ್ಟಿ ದೂರದಲ್ಲಿರುತ್ತಾನೆ. ಕೆಲವು ವರ್ಷ ರೋಹಿಣಿಯ ಕಡೆಗೋ ಆರಿದ್ರೆಯ ಕಡೆಗೋ ಸರಿದಿರುವುದೂ ಉಂಟು. ದಿನಕ್ಕೆ ಸುಮಾರು 13 ಡಿಗ್ರಿ ಓಡುವವನಿಂದ ಇನ್ನೇನು ನಿರೀಕ್ಷೆ.

ಈಗ ಅಜ್ಜನಿಗೆ ಕೇಳಿದ ಪ್ರಶ್ನೆ. ಹುಣ್ಣಿಮೆಯ ಸಂಜೆ ಚಂದ್ರ ಪೂರ್ವದಲ್ಲಿ ಏಳುವಾಗ ಸೂರ್ಯ ಪಶ್ಚಿಮದಲ್ಲಿ ಮುಳುಗುತ್ತಿರುತ್ತಾನೆ. ಅಂದರೆ ಡಿಸೆಂಬರಿನಲ್ಲಿ ಸೂರ್ಯ ಮೃಗಶಿರಕ್ಕೆ ಸರಿಯಾಗಿ ಎದುರು ಬದಿಯಲ್ಲಿದ್ದಾನೆ. ಆರು ತಿಂಗಳು ನಡೆದು ಜೂನಿನಲ್ಲಿ ಅವನೇ ಮೃಗಶಿರಕ್ಕೆ ಬರುತ್ತಾನೆ. ಮಾಸದ ಹೆಸರು ಚಂದ್ರನ ಲೆಕ್ಕ, ಮಳೆಯ ಹೆಸರು ಸೂರ್ಯನ ಲೆಕ್ಕ. ಚಂದ್ರ ಒಂದು ನಕ್ಷತ್ರ ದಾಟಲು ಒಂದು ದಿನ ಸಾಕು. ಸೂರ್ಯನಿಗೆ ಹದಿಮೂರು ಹದಿನಾಲ್ಕು ದಿನ ಬೇಕು. ಒಂದೊಂದು ಮಳೆಯೂ ಅಷ್ಟೇ ದಿನ ನಡೆಯುವುದು ಅದಕ್ಕೇ.

ಮೃಗಶಿರ ಮಳೆಯ ದಿನಗಳಲ್ಲಿ ಮಾತ್ರ ಆ ಮುಕ್ಕೋನವನ್ನು ಹುಡುಕಬೇಡಿ. ಮೋಡ ಸರಿದರೂ ಕಾಣದು. ಅದು ಸೂರ್ಯನ ಜೊತೆಗೇ ಹುಟ್ಟಿ ಸೂರ್ಯನ ಜೊತೆಗೇ ಮುಳುಗುತ್ತಿರುತ್ತದೆ.