200 ಮೀಟರ್ ದಾರಿಗೆ ಎರಡು ವರ್ಷ

ಹಳೇ ಕಾಲುವೆ ಏರಿಯ ಮೇಲೆ ನಡೆಯುವವರಿಗೆ, ಸೈಕಲ್ಲಿನವರಿಗೆ ದಾರಿ ಹೇಗೆ ಮಾಡಿದಿರಿ ಅಂತ ಆಗಾಗ ಯಾರಾದರೂ ಕೇಳುತ್ತಿರುತ್ತಾರೆ. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಒಂದೇ ಸಲ ಬರೆದಿಟ್ಟರೆ ಆಯ್ತು ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಮೊದಲು ಜಾಗ ಹೇಗಿತ್ತು ಹೇಳಿಬಿಡುತ್ತೇನೆ. ನೀರು ಹರಿಯುವುದು ಯಾವತ್ತೋ ನಿಂತುಹೋದ ಹಳೇ ಕಾಲುವೆ. ಅದರ ಏರಿಯ ಮೇಲೆ ಮೂರು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ ಉದ್ದದ ಮಣ್ಣಿನ ದಾರಿ, ತುಂಬ ಪೊದೆ, ಅಲ್ಲಲ್ಲಿ ಕಸದ ರಾಶಿ. ಆ ತುದಿಗೆ ಒಂದು ಬಡಾವಣೆ, ಈ ತುದಿಗೆ ನಮ್ಮದು. ರಸ್ತೆ ಹಿಡಿದು ಹೋದರೆ ಹೆದ್ದಾರಿ ಹತ್ತಿ, ಮೇಲ್ಸೇತುವೆ ಸುತ್ತಿ ಇದರ ಎರಡರಷ್ಟು ದೂರ. ಸೈಕಲ್ಲಿನಲ್ಲಿ ಆ ಹೆದ್ದಾರಿಗೆ ಮಕ್ಕಳನ್ನು ಯಾರು ಕಳಿಸುತ್ತಾರೆ ಹೇಳಿ.

ನಾವು ಮೊದಲು ಮಾಡಿದ ಕೆಲಸಕ್ಕೆ ಖರ್ಚೇ ಇರಲಿಲ್ಲ. ಒಂದು ನೋಟ್‌ಬುಕ್ ತಗೊಂಡು ಏರಿಯ ಬಾಯಲ್ಲಿ ಕೂತೆವು, ಅಷ್ಟೇ. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು, ಒಂದು ವಾರ. ಬಂದವರಿಗೆಲ್ಲ ಒಂದೊಂದು ಗೀಟು. ವಾಕಿಂಗ್ ಬೂಟು ಹಾಕಿಕೊಂಡು ಹೊಟ್ಟೆ ಕರಗಿಸಲು ಬರುವವರೇ ಜಾಸ್ತಿ ಇರುತ್ತಾರೆ ಅಂತ ನಾನು ಅಂದುಕೊಂಡಿದ್ದೆ, ಯಾಕೆಂದರೆ ನಾನೇ ಆ ಜಾತಿಯವನು. ಗೀಟು ಎಣಿಸಿದಾಗ ಬೇರೆಯೇ ಕಂಡಿತು. ಕೆಲಸಕ್ಕೆ ಹೋಗುವವರು, ಮನೆಗೆಲಸ ಮುಗಿಸಿ ಬರುವ ಹೆಂಗಸರು, ಶಾಲೆಗೆ ತಡವಾಗಿ ಓಡುವ ಮಕ್ಕಳು. ಪೊದೆಯ ನಡುವೆ ಒಂದು ಕಾಲುದಾರಿ ಆಗಲೇ ಸವೆದಿತ್ತು. ನಾವು ಹೊಸದಾಗಿ ದಾರಿ ಮಾಡಲೇ ಇಲ್ಲ ಅಂತಲೇ ಹೇಳಬೇಕು, ಜನ ಮಾಡಿದ್ದ ದಾರಿಯನ್ನು ಅಗಲ ಮಾಡಿದೆವು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಬಹಳ ಕಡೆ ನಕ್ಷೆ ಮೊದಲು ಬರುತ್ತದೆ, ಜನ ಆಮೇಲೆ. ಎಲ್ಲಿ ಹುಲ್ಲು ಸವೆದಿದೆ ನೋಡಿ. ಜನಕ್ಕೆ ಎಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ನೆಲವೇ ಹೇಳುತ್ತದೆ.

ಆ ನೋಟ್‌ಬುಕ್ಕೇ ಮುಂದೆ ನಮ್ಮ ಕೈ ಹಿಡಿಯಿತು. ಕಾಲುವೆ ಯಾವ ಕಚೇರಿಯ ಸುಪರ್ದಿಯಲ್ಲಿತ್ತೋ ಅಲ್ಲಿಗೆ ಮೊದಲ ಸಲ ಹೋದಾಗ, "ಇಂಥ ಕಡೆ ಯಾರ್ರೀ ಓಡಾಡ್ತಾರೆ?" ಅಂದರು. ನೋಟ್‌ಬುಕ್ ಮೇಜಿನ ಮೇಲಿಟ್ಟೆವು. ಅನುಮತಿ ಏನೂ ಅವತ್ತೇ ಸಿಗಲಿಲ್ಲ, ಇನ್ನೂ ಎಂಟು ಸಲ ಅಲೆದೆವು. ಅವರ ಚಿಂತೆ ಒಂದೇ: ಯಾರಾದರೂ ಬಿದ್ದು ಕೈಕಾಲು ಮುರಿದುಕೊಂಡರೆ ಹೊಣೆ ಯಾರು? ಕೊನೆಗೆ ಒಂದು ಕಾಗದ ಆಯಿತು. ಜಾಗ ಅವರದ್ದೇ, ನೋಡಿಕೊಳ್ಳುವುದು ನಾವು, ಅವರಿಗೆ ಬೇಕಾದಾಗ ಏರಿಯ ಮೇಲೆ ಗಾಡಿ ತರಬಹುದು.

ಹಳೇ ಕಾಲುವೆ ಏರಿ, ನಿಂತುಹೋದ ರೈಲು ಹಳಿಯ ಜಾಗ, ಇವೆರಡೂ ಇಂಥ ದಾರಿಗೆ ಹೇಳಿ ಮಾಡಿಸಿದ ಹಾಗೆ ಇರುತ್ತವೆ. ಏರಿಳಿತ ಬಹಳ ಕಮ್ಮಿ. ರೈಲಿಗೆ ಕಡಿದಾದ ಏರು ಹತ್ತಲು ಆಗಲ್ಲ, ನೀರಿಗೆ ಹತ್ತಲೇ ಆಗಲ್ಲ, ಹಾಗಾಗಿ ಹಿಂದಿನವರು ನೆಲವನ್ನು ಆಗಲೇ ಸಮ ಮಾಡಿಟ್ಟಿದ್ದಾರೆ. ಮಂಡಿ ನೋವಿನವರಿಗೆ, ಹೊಸದಾಗಿ ಸೈಕಲ್ ಕಲಿಯುವವರಿಗೆ, ಗಾಲಿ ಕುರ್ಚಿಯವರಿಗೆ ಇದಕ್ಕಿಂತ ಇನ್ನೇನು ಬೇಕು? ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲ್ರಾಯ್ ಮತ್ತು ಸ್ಪಾರ್ಟಾ ಅನ್ನುವ ಎರಡು ಸಣ್ಣ ಊರುಗಳ ನಡುವೆ ನಿಂತುಹೋದ ರೈಲು ದಾರಿಯನ್ನು 1967ರಲ್ಲೇ ಸೈಕಲ್ ದಾರಿಯಾಗಿ ತೆರೆದರು. ಸುಮಾರು 51 ಕಿಲೋಮೀಟರ್, ನಡುವೆ ಮೂರು ಸುರಂಗ. ಇಂಗ್ಲೆಂಡಿನ ಬ್ರಿಸ್ಟಲ್ ಮತ್ತು ಬಾತ್ ನಡುವಿನ ಹಳೇ ರೈಲು ದಾರಿಯನ್ನು 1979ರಿಂದ 1986ರ ತನಕ ತುಂಡು ತುಂಡಾಗಿ ಕಟ್ಟಿದರು, ಸ್ವಯಂಸೇವಕರೂ ಕೈಜೋಡಿಸಿದ್ದರು. ಸುಮಾರು 21 ಕಿಲೋಮೀಟರಿಗೆ ಏಳು ವರ್ಷ! ನಮ್ಮ ಕೆಲಸ ನಿಧಾನ ಆಯ್ತು ಅಂತ ಯಾರಾದರೂ ಗೊಣಗಿದಾಗಲೆಲ್ಲ ನಾನು ಇದನ್ನೇ ಹೇಳುತ್ತಿದ್ದೆ.

ಈಗ ನಮ್ಮ ತಪ್ಪುಗಳಿಗೆ ಬರೋಣ. ಓದುವವರಿಗೆ ಉಪಯೋಗಕ್ಕೆ ಬರುವುದು ಅದೇ.

ಮೊದಲನೆಯದು ನೀರು. ಪೊದೆ ಕಡಿದೆವು, ಕಸ ಎತ್ತಿದೆವು, ಜಲ್ಲಿ ಹರಡಿ ಮೇಲೆ ಜಲ್ಲಿಪುಡಿ ಹಾಕಿ ರೋಲರ್ ಹೊಡೆಸಿದೆವು. ಕೇರಂ ಬೋರ್ಡಿನ ಹಾಗೆ ಮಟ್ಟಸ. ಎಲ್ಲರೂ ಫೋಟೊ ತೆಗೆಸಿಕೊಂಡೆವು. ಮೊದಲ ದೊಡ್ಡ ಮಳೆ ಬಂದ ಮಾರನೇ ದಿನ ಹೋಗಿ ನೋಡಿದರೆ ದಾರಿಯ ನಡುವೆ ಗೇಣುದ್ದ ಆಳದ ಕೊರಕಲು, ಪುಡಿಯೆಲ್ಲ ತೊಳೆದುಹೋಗಿ ಬರೀ ಜಲ್ಲಿ ಹಲ್ಲು ಕಿರಿಯುತ್ತಿತ್ತು. ದಾರಿ ಮಟ್ಟಸ ಇದ್ದದ್ದೇ ತಪ್ಪು. ನೀರಿಗೆ ಪಕ್ಕಕ್ಕೆ ಹೋಗಲು ಜಾಗ ಇಲ್ಲದಿದ್ದರೆ ಅದು ದಾರಿಯ ಉದ್ದಕ್ಕೇ ಹರಿಯುತ್ತದೆ, ಉದ್ದಕ್ಕೆ ಹರಿದಷ್ಟೂ ಜೋರಾಗುತ್ತದೆ.

ಒಬ್ಬರು ಹಿರಿಯ ಮೇಸ್ತ್ರಿ ಅದನ್ನು ನೋಡಿ ನಕ್ಕರು. "ದಾರಿ ಅಂದ್ರೆ ಚಪ್ಪರ ಇದ್ದ ಹಾಗೆ ಸ್ವಾಮಿ, ಒಂದ್ ಕಡೆ ವಾಟ ಇರ್ಬೇಕು" ಅಂದರು. ಆಮೇಲೆ ಇಡೀ ದಾರಿಯನ್ನು ಅವರ ಲೆವೆಲ್ ಪೈಪ್ ಹಿಡಿದು ಮತ್ತೆ ಮಾಡಿದೆವು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಮೂರು ಮೀಟರ್ ಅಗಲಕ್ಕೆ ಒಂದು ಅಂಚು ಇನ್ನೊಂದಕ್ಕಿಂತ ಆರು ಸೆಂಟಿಮೀಟರ್ ತಗ್ಗು, ಅಂದರೆ ನೂರಕ್ಕೆ ಎರಡು. ನಡೆಯುವವರ ಕಾಲಿಗೆ ಗೊತ್ತೇ ಆಗಲ್ಲ, ಗಾಲಿ ಕುರ್ಚಿಯೂ ಪಕ್ಕಕ್ಕೆ ಎಳೆಯಲ್ಲ, ನೀರಿಗೆ ಮಾತ್ರ ಸಾಕಷ್ಟಾಯಿತು. ಪೈಪಿನಲ್ಲಿ ಗಾಳಿಗುಳ್ಳೆ ಇದ್ದರೆ ಲೆಕ್ಕ ತಪ್ಪುತ್ತದೆ ಅಂತ ಅವರು ಪ್ರತಿ ಸಲ ಪೈಪನ್ನು ಬೆಳಕಿಗೆ ಹಿಡಿದು ಉದ್ದಕ್ಕೂ ನೋಡುತ್ತಿದ್ದರು. ಮೂರು ವಾರ ಅವರು ಅದನ್ನು ಒಂದು ಸಲವೂ ಬಿಡಲಿಲ್ಲ. ಆ ವಾಟದ ದಾರಿ ಆಮೇಲೆ ಮೂರು ಮಳೆಗಾಲ ಕಂಡಿದೆ. ವರ್ಷಕ್ಕೊಂದು ಸಲ ತಗ್ಗಿನ ಅಂಚಿನಲ್ಲಿ ಕಟ್ಟಿಕೊಂಡ ಹುಲ್ಲು, ಮಣ್ಣು ಕೆರೆದು ತೆಗೆದರೆ ಸಾಕು. ಅದನ್ನು ತೆಗೆಯದಿದ್ದರೆ ನೀರು ಮತ್ತೆ ದಾರಿಯ ಮೇಲೇ ನಿಲ್ಲುತ್ತದೆ. ಸಲಿಕೆ ಹಿಡಿದ ಹತ್ತು ಜನ, ಒಂದು ಭಾನುವಾರ, ಮುಗೀತು.

ಎರಡನೇ ತಪ್ಪು ಗೇಟು. ಬೈಕುಗಳು ನುಗ್ಗುತ್ತವೆ ಅನ್ನುವ ಭಯಕ್ಕೆ ಎರಡೂ ತುದಿಯಲ್ಲಿ ಅಂಕುಡೊಂಕಾಗಿ ಹಾದು ಹೋಗುವ ಕಬ್ಬಿಣದ ಗೇಟು ಹಾಕಿಸಿದೆವು. ಬಹಳ ಜಾಣತನ ಮಾಡಿದೆವು ಅಂದುಕೊಂಡಿದ್ದೆವು. ಎರಡನೇ ದಿನ ಕೈಯಿಂದ ಪೆಡಲ್ ತಿರುಗಿಸುವ ಮೂರು ಗಾಲಿಯ ಸೈಕಲ್ಲಿನಲ್ಲಿ ಒಬ್ಬರು ಬಂದರು. ಮುಂದಿನ ಗಾಲಿ ಒಳಗೆ ಹೋಯಿತು, ಹಿಂದಿನದು ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನಾವು ಮೂವರು ಸೇರಿ ಎತ್ತಿ ಹೊರಗೆ ತಂದೆವು, ಅವರ ಬೆರಳಿನ ಗೆಣ್ಣು ಕಬ್ಬಿಣಕ್ಕೆ ಉಜ್ಜಿ ರಕ್ತ ಬಂದಿತ್ತು. ಅವರು ಬೈಯಲಿಲ್ಲ. "ನನಗೂ ಸೇರಿಸಿ ಮಾಡಿದ್ದೀರಿ ಅಂದ್ಕೊಂಡೆ" ಅಂದರು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು. ಅದೇ ವಾರ ಗೇಟು ಕಿತ್ತು ಕಂಬ ನೆಟ್ಟೆವು, ಕಂಬಗಳ ನಡುವೆ ಒಂದೂವರೆ ಮೀಟರ್ ಬಿಟ್ಟು. ಕತ್ತಲಲ್ಲಿ ಸೈಕಲ್ಲಿನವರು ಗುದ್ದಬಾರದು ಅಂತ ಹೊಳೆಯುವ ಪಟ್ಟಿ ಅಂಟಿಸಿದೆವು.

ಬೈಕು ಬಂತಾ? ಬಂತು. ಸುಳ್ಳು ಯಾಕೆ ಹೇಳಲಿ. ಮೊದಲ ಕೆಲವು ತಿಂಗಳು ಜಾಸ್ತಿಯೇ ಬಂತು. ಆಮೇಲೆ ಕಮ್ಮಿಯಾಯಿತು, ಅದಕ್ಕೆ ಕಾರಣ ಬೋರ್ಡೂ ಅಲ್ಲ, ಕಂಬವೂ ಅಲ್ಲ. ದಾರಿ ತುಂಬ ಜನ ಇದ್ದರೆ ಬೈಕಿನವನಿಗೆ ಅಲ್ಲಿ ವೇಗ ಸಿಗಲ್ಲ, ಜೊತೆಗೆ ಹತ್ತು ಜೋಡಿ ಕಣ್ಣು ಗುರಾಯಿಸುತ್ತವೆ. ಕಳ್ಳತನದ ವಿಷಯದಲ್ಲೂ ನಾನು ನೋಡಿದ್ದು ಇದೇ. ಏರಿಗೆ ಬೆನ್ನು ಮಾಡಿದ ಮನೆಗಳವರು ಮೊದಲಿಂದಲೂ ನಮ್ಮ ಮೇಲೆ ಕಿಡಿಕಾರುತ್ತಿದ್ದರು. ಕಳ್ಳರಿಗೆ ರಸ್ತೆ ಮಾಡಿಕೊಡ್ತಿದ್ದೀರಿ ಅಂತ. ಅವರ ಭಯ ಸುಳ್ಳಲ್ಲ, ಯಾಕೆಂದರೆ ಪೊದೆ ಇದ್ದಾಗಲೂ ಆ ಹಿತ್ತಿಲ ಕಡೆಯಿಂದಲೇ ಕಳ್ಳರು ಬಂದಿದ್ದರು. ನಾವು ವಾದ ಮಾಡಲು ಹೋಗಲಿಲ್ಲ. ಒಂದೊಂದೇ ಮನೆಗೆ ಹೋಗಿ ಕೂತು, ಪೊದೆ ಎಲ್ಲಿ ತೆಗೆಯಬೇಕು, ಎಲ್ಲಿ ಬಿಡಬೇಕು, ದೀಪ ಯಾವ ಕಡೆಗೆ ತಿರುಗಿರಬೇಕು ಅಂತ ಅವರನ್ನೇ ಕೇಳಿದೆವು. ಎಲ್ಲರಿಗಿಂತ ಜೋರಾಗಿ ಜಗಳ ಆಡಿದ್ದ ಒಬ್ಬ ಅಮ್ಮ ಎರಡನೇ ವರ್ಷ ಹಿತ್ತಿಲ ಗೋಡೆ ಒಡೆಸಿ ಏರಿಗೆ ಒಂದು ಚಿಕ್ಕ ಬಾಗಿಲು ಇಡಿಸಿಕೊಂಡರು. ಹಾಗಂತ ನಮ್ಮ ಮೇಲಿನ ಸಿಟ್ಟು ಇಳಿದಿದೆ ಅಂದುಕೊಳ್ಳಬೇಡಿ. ಬೆಳಿಗ್ಗೆ ಐದೂವರೆಗೆ ಗಟ್ಟಿಯಾಗಿ ಮಾತಾಡಿಕೊಂಡು ಹೋಗುವವರ ಬಗ್ಗೆ ಇವತ್ತಿಗೂ ವಾರಕ್ಕೊಂದು ಮೆಸೇಜು ಬರುತ್ತದೆ. ನ್ಯಾಯವಾದ ದೂರೇ.

ಈಗ ಆ 200 ಮೀಟರ್ ಕಥೆ. ಇಡೀ ಏರಿಯಲ್ಲಿ ಆ ಬಡಾವಣೆಯ ಕಡೆಯ ಕೊನೆಯ ತುಂಡು ಮಾತ್ರ ಖಾಸಗಿ ಜಾಗ. ಮಾಲೀಕರು ಬೇಲಿ ಹಾಕಿದ್ದರು. ಗಟ್ಟಿಗರು ಬೇಲಿ ಸಂದಿಯಲ್ಲಿ ನುಸುಳುತ್ತಿದ್ದರು, ಸೈಕಲ್ಲಿನವರು ಅಲ್ಲಿ ಏರಿಯಿಂದ ಇಳಿದು ಹೆದ್ದಾರಿ ಅಂಚಿಗೆ ಬರಬೇಕಿತ್ತು. ಬೇಲಿ ತನಕ ದಾರಿ ಚೆನ್ನಾಗಿದೆಯಲ್ಲ, ಸದ್ಯಕ್ಕೆ ಸಾಕು ಅಂತ ನಮ್ಮಲ್ಲೇ ಕೆಲವರು ಅಂದರು. ನನಗೂ ಹಾಗೇ ಅನಿಸಿತ್ತು. ಆದರೆ ನೋಟ್‌ಬುಕ್ ಬೇರೆ ಹೇಳುತ್ತಿತ್ತು. ಹೊಸ ದಾರಿಗೆ ನನ್ನಂಥ ವಾಕಿಂಗ್‌ನವರು ಜಾಸ್ತಿ ಬಂದರು, ಶಾಲೆಯ ಮಕ್ಕಳ ಗೀಟು ಮಾತ್ರ ಅಲ್ಲೇ ನಿಂತಿತ್ತು. ಯಾವ ತಾಯಿಯೂ ಮುಕ್ಕಾಲು ಪಾಲು ಸುರಕ್ಷಿತ ದಾರಿಗೆ ಮಗುವನ್ನು ಕಳಿಸಲ್ಲ. ಉಳಿದ ಕಾಲು ಪಾಲಿನಲ್ಲಿ ಲಾರಿ ಓಡುತ್ತದೆ ಅಲ್ವಾ.

ಅಮೆರಿಕದ ಗ್ರೇಟ್ ಅಲೆಗೇನಿ ಪ್ಯಾಸೇಜ್ ಅನ್ನುವ ದಾರಿ ಸುಮಾರು 240 ಕಿಲೋಮೀಟರ್, ಪಿಟ್ಸ್‌ಬರ್ಗ್‌ನಿಂದ ಕಂಬರ್‌ಲ್ಯಾಂಡ್ ತನಕ. ಅದರ ಮೊದಲ ತುಂಡು ತೆರೆದದ್ದು 1986ರಲ್ಲಿ, ಕೊನೆಯ ತುಂಡು ಸೇರಿದ್ದು 2013ರಲ್ಲಿ. ಕಂಬರ್‌ಲ್ಯಾಂಡಿನಲ್ಲಿ ಅದು ಹಳೇ ಸಿ ಅಂಡ್ ಓ (ಚೆಸಪೀಕ್ ಅಂಡ್ ಒಹಾಯೊ) ಕಾಲುವೆಯ ಏರಿಗೆ ಸೇರುತ್ತದೆ, ಅದನ್ನು ಹಿಡಿದರೆ ಸೈಕಲ್ ಇಳಿಯದೆ ವಾಷಿಂಗ್ಟನ್ ಊರಿನ ತನಕ ಹೋಗಬಹುದು. ಆ ಕಾಲುವೆ ಏರಿ ಉಳಿದುಕೊಂಡದ್ದೇ ಒಂದು ಕಥೆ. ಅದನ್ನು ಕಾರಿನ ರಸ್ತೆ ಮಾಡಲು ಹೊರಟಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅದಕ್ಕೆ ಒಪ್ಪದೆ, ರಸ್ತೆಯ ಪರವಾಗಿ ಬರೆದಿದ್ದ ಪತ್ರಿಕೆಯವರನ್ನೇ ನನ್ನ ಜೊತೆ ನಡೆಯಿರಿ ಅಂತ ಕರೆದು, 1954ರಲ್ಲಿ ಸುಮಾರು 300 ಕಿಲೋಮೀಟರ್ ಉದ್ದದ ಆ ಏರಿಯನ್ನು ನಡೆದರು. ರಸ್ತೆ ಬರಲಿಲ್ಲ. 1971ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು.

ನಾವು ಇದನ್ನೇ ಕದ್ದೆವು. ಬೇಲಿಯ ಮಾಲೀಕರಿಗೆ ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಗಿತ್ತು. ಒಂದು ಬೆಳಿಗ್ಗೆ, ಸುಮ್ನೆ ನಮ್ಮ ಜೊತೆ ಒಂದು ಸಲ ನಡೆದು ನೋಡಿ ಸಾರ್ ಅಂತ ಕರೆದೆವು. ಬಂದರು. ಬೇಲಿಯ ಹತ್ತಿರ ಬಂದಾಗ ಒಬ್ಬ ಹುಡುಗ ಸ್ಕೂಲ್ ಬ್ಯಾಗನ್ನು ಆಚೆ ಎಸೆದು, ಸೈಕಲ್ಲನ್ನು ಅಡ್ಡ ಮಲಗಿಸಿ ತಂತಿಯ ಕೆಳಗೆ ತಳ್ಳುತ್ತಿದ್ದ. ನಾವೇನೂ ಅವನನ್ನು ಕರೆಸಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಮಾಲೀಕರು ತಂತಿ ಎತ್ತಿ ಹಿಡಿದರು. ಆದರೂ ಅವತ್ತೇ ಕರಗಿಬಿಟ್ಟರು ಅನ್ನುವ ಹಾಗಿಲ್ಲ. ಇನ್ನೂ ಏಳು ತಿಂಗಳು ಹಿಡಿಯಿತು, ವಕೀಲರು ಬಂದರು, ಕರಾರು ಮೂರು ಸಲ ತಿದ್ದಿದ್ದಾಯಿತು. ಜಾಗ ಅವರದ್ದೇ, ಮೂರು ಮೀಟರ್ ಅಗಲದಲ್ಲಿ ಓಡಾಡುವ ಹಕ್ಕು ಮಾತ್ರ ಜನರದ್ದು. ಯಾರಾದರೂ ಜಾಗ ಕೊಡಲ್ಲ ಅಂದರೆ ಕೊಡಿ ಅಂತ ಕೇಳಬೇಡಿ, ಓಡಾಡಲು ಬಿಡಿ ಅಂತ ಕೇಳಿ. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಬೇಲಿ ತೆಗೆದ ಮೇಲೆ ಮೊದಲ ತಿಂಗಳೇ ಮಕ್ಕಳ ಗೀಟು ಜಾಸ್ತಿಯಾಯಿತು. ಪುಟ ಸಾಲದೆ ಐದಕ್ಕೊಂದು ಅಡ್ಡಗೆರೆ ಹಾಕಲು ಶುರು ಮಾಡಿದೆವು. ಉಳಿದ ಬದಲಾವಣೆಗಳು ನಿಧಾನಕ್ಕೆ ಬಂದವು. ಆ ಬಡಾವಣೆಯ ಸೈಕಲ್ ರಿಪೇರಿಯವರು ಏರಿಯ ಬಾಯಿಗೆ ಬಂದು ಕೂತರು. ದೊಡ್ಡ ದಾರಿಗಳಲ್ಲಿ ಇದೇ ದೊಡ್ಡದಾಗಿ ಆಗುತ್ತದೆ. ನ್ಯೂಜಿಲೆಂಡಿನ ಒಟಾಗೋದಲ್ಲಿ 1990ರಲ್ಲಿ ನಿಂತ ರೈಲು ಹಳಿಯ ಜಾಗ 2000ದಲ್ಲಿ ಸುಮಾರು 150 ಕಿಲೋಮೀಟರಿನ ಸೈಕಲ್ ದಾರಿಯಾಯಿತು. ರೈಲು ಹೋದ ಮೇಲೆ ಸೊರಗುತ್ತಿದ್ದ ಸಣ್ಣ ಊರುಗಳಲ್ಲಿ ಸೈಕಲ್ಲಿನವರಿಗಾಗಿಯೇ ಊಟ ವಸತಿ ಶುರುವಾದವು. ಕಾರಿನವನು ಊರನ್ನು ದಾಟಿಕೊಂಡು ಹೋಗುತ್ತಾನೆ, ಸೈಕಲ್ಲಿನವನಿಗೆ ಹಸಿವಾಗುತ್ತದೆ, ಅವನು ನಿಲ್ಲಲೇಬೇಕು.

ಆರೋಗ್ಯದ ಬಗ್ಗೆ ಉದ್ದ ಹೇಳಲ್ಲ, ಎಲ್ಲರಿಗೂ ಗೊತ್ತಿರುವುದೇ. ದೊಡ್ಡವರಿಗೆ ವಾರಕ್ಕೆ ಕಮ್ಮಿ ಅಂದರೆ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೆಲಸಕ್ಕೆ ಹೋಗುವಾಗ ಒಂದು ಕಾಲು ಗಂಟೆ, ಬರುವಾಗ ಒಂದು ಕಾಲು ಗಂಟೆ ಬಿರುಸಾಗಿ ನಡೆದರೆ ಐದು ದಿನಕ್ಕೆ ಲೆಕ್ಕ ಚುಕ್ತಾ. ಅದಕ್ಕೆ ಬೇರೆ ಬೂಟು ಬೇಡ, ಬೆಳಿಗ್ಗೆ ಬೇಗ ಏಳುವ ಶಪಥವೂ ಬೇಡ. ಆದರೆ ದಾರಿ ಕೆಲಸದ ಕಡೆಗೇ ಹೋಗಬೇಕು. ಪಾರ್ಕಿನಲ್ಲಿ ದುಂಡಗೆ ಸುತ್ತಿ ಶುರುವಾದಲ್ಲೇ ಮುಗಿಯುವ ದಾರಿಯಲ್ಲಿ ಈ ಲಾಭ ಸಿಗುವುದು ಬಿಡುವಿದ್ದವರಿಗೆ ಮಾತ್ರ.

ಕೆಲಸ ಮುಗಿದಿಲ್ಲ. ನಡುವೆ ಒಂದು ಹಳೇ ಮೋರಿ ಇದೆ, ಅಲ್ಲಿ ದಾರಿ ಕಿರಿದಾಗಿ ತಿರುಗುತ್ತದೆ, ಎದುರಿಂದ ಬರುವವರು ಕಾಣಲ್ಲ. ಕಳೆದ ತಿಂಗಳು ಒಂದು ಸೈಕಲ್ಲು, ನಡೆದು ಬರುತ್ತಿದ್ದ ಒಬ್ಬ ಅಜ್ಜ, ಇಬ್ಬರೂ ಹುಲ್ಲಿಗೆ ಬಿದ್ದರು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಸದ್ಯಕ್ಕೆ ತಿರುವಿನ ಒಳಬದಿಯ ಪೊದೆ ಸೊಂಟದೆತ್ತರಕ್ಕಿಂತ ಕೆಳಗೆ ಕತ್ತರಿಸಿದ್ದೇವೆ, ಬೆಲ್ ಹೊಡೆಯಿರಿ ಅಂತ ನೆಲದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದೇವೆ. ಮೋರಿ ಅಗಲ ಮಾಡಲು ಅದೇ ಕಚೇರಿಗೆ ಮತ್ತೆ ಅಲೆಯಬೇಕು. ನೋಟ್‌ಬುಕ್ ನಾಲ್ಕನೆಯದು ನಡೆಯುತ್ತಿದೆ, ಅದನ್ನು ಜೊತೆಗೆ ತಗೊಂಡು ಹೋಗುತ್ತೇನೆ.