ರಿಪೋರ್ಟಿನಲ್ಲಿ ‘ಹೆಪಟೈಟಿಸ್ ಇ ಪಾಸಿಟಿವ್’ ಅಂತ ಬಂದರೆ ಹೇಗೆ ಓದುವುದು?

ಹೋದ ಮಳೆಗಾಲದಲ್ಲಿ ಶಿರಸಿಯಿಂದ ಅತ್ತಿಗೆ ಫೋನ್ ಮಾಡಿದ್ದರು. ‘ಹೆಪಟೈಟಿಸ್ ಇ ಪಾಸಿಟಿವ್ ಬಂದಿದೆ ತಂಗಿ, ಕಾಮಾಲೆ ಅಂತೆ.’ ದನಿ ನಡುಗುತ್ತಿತ್ತು. ನಾನು ಕಾರವಾರದಲ್ಲಿ ಕೂತು ವಾಟ್ಸಾಪಿನಲ್ಲಿ ಬಂದ ಫೋಟೊ ನೋಡುವಷ್ಟರಲ್ಲಿ, ಅಲ್ಲಿ ಅವರ ತಟ್ಟೆ ಲೋಟ ಹಿತ್ತಲ ಕಟ್ಟೆಗೆ ಹೋಗಿಯಾಗಿತ್ತು. ಕಣ್ಣು ಹಳದಿಯಾಗಿರಲಿಲ್ಲ, ಊಟ ಸೇರುತ್ತಿತ್ತು, ತೋಟಕ್ಕೂ ಹೋಗಿ ಬರುತ್ತಿದ್ದರು.

ಹೆಪಟೈಟಿಸ್ ಇ ಅಂದರೆ ಲಿವರಿಗೆ ತಗಲುವ ಒಂದು ವೈರಸ್ ಸೋಂಕು. ಮೊದಲು ‘ಪಾಸಿಟಿವ್’ ಅನ್ನುವುದನ್ನು ಬಿಟ್ಟು ಅದರ ಹಿಂದಿನ ಅಕ್ಷರ ನೋಡಿ. ಐಜಿಎಂ, ಐಜಿಜಿ ಎರಡೂ ವೈರಸ್ ವಿರುದ್ಧ ಮೈ ತಯಾರಿಸುವ ಪ್ರತಿಕಾಯಗಳು. ಐಜಿಎಂ ಅಂದರೆ ಸೋಂಕು ಇತ್ತೀಚಿನದು. ಐಜಿಜಿ ಮಾತ್ರ ಇದ್ದರೆ ವೈರಸ್ ಯಾವತ್ತೋ ಬಂದು ಹೋಗಿದೆ, ಮೈ ಅದನ್ನು ನೆನಪಿಟ್ಟುಕೊಂಡಿದೆ. ಅತ್ತಿಗೆಯದು ಐಜಿಜಿ. ಐಜಿಎಂ ನೆಗೆಟಿವ್ ಅಂತ ಕೆಳಗಿನ ಸಾಲಿನಲ್ಲೇ ಇತ್ತು, ಯಾರೂ ಅಷ್ಟು ದೂರ ಓದಿರಲಿಲ್ಲ.

‘ನನಗೆ ಕಾಮಾಲೆಯೇ ಆಗಿರಲಿಲ್ಲವಲ್ಲ, ಮತ್ತೆ ಇದು ಎಲ್ಲಿಂದ ಬಂತು?’ ಅಂತ ಅವರು ಕೇಳಿದರು. ಒಳ್ಳೆಯ ಪ್ರಶ್ನೆ. ಈ ವೈರಸ್ ತಗುಲಿದ ಬಹಳ ಜನರಿಗೆ ಏನೂ ಗೊತ್ತಾಗುವುದೇ ಇಲ್ಲ. ಅಮೆರಿಕದಲ್ಲಿ ಈ ಕಾಯಿಲೆ ಅಪರೂಪ. ಆದರೂ 1988ರಿಂದ 1994ರ ನಡುವೆ ಸಂಗ್ರಹಿಸಿದ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 21 ಜನರಲ್ಲಿ ಐಜಿಜಿ ಸಿಕ್ಕಿತು. 2009-10ರ ರಕ್ತದಲ್ಲಿ ಅದು ಸುಮಾರು 6. ಎರಡು ಸಲವೂ ಬಳಸಿದ ಕಿಟ್ ಬೇರೆ ಬೇರೆ, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ತೂಗುವಂತಿಲ್ಲ. ಆದರೆ ಕಡಿಮೆ ಲೆಕ್ಕವನ್ನೇ ಹಿಡಿದರೂ ನೂರರಲ್ಲಿ ಆರು ಜನ, ಕಾಯಿಲೆಯೇ ಕಾಣದ ಊರಿನಲ್ಲಿ! ಅಲ್ಲಿ ಹೆಚ್ಚಾಗಿ ಹಂದಿಯಿಂದ, ಸರಿಯಾಗಿ ಬೇಯದ ಮಾಂಸ, ಲಿವರ್‌ನಿಂದ ಬರುತ್ತದೆ. ನಮ್ಮ ಕಡೆಯ ತಳಿ ಬೇರೆ, ಅದು ಬರುವುದು ಮಲ ಸೇರಿದ ನೀರಿನಿಂದ. 1955-56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಕೊಳಚೆ ಸೇರಿ ಸುಮಾರು 29,000 ಜನರಿಗೆ ಕಾಮಾಲೆ ಆಗಿತ್ತು. ಅದಕ್ಕೆ ಕಾರಣ ಈ ವೈರಸ್ಸೇ ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ, ಎತ್ತಿಟ್ಟಿದ್ದ ರಕ್ತವನ್ನು ಪರೀಕ್ಷಿಸಿದ ಮೇಲೆ.

ತಟ್ಟೆ ಲೋಟ ಒಳಗೆ ತನ್ನಿ ಅಂದೆ. ಐಜಿಜಿ ಮಾತ್ರ ಇದ್ದವರಿಂದ ಯಾರಿಗೂ ಏನೂ ಹರಡುವುದಿಲ್ಲ.

ಐಜಿಎಂ ಪಾಸಿಟಿವ್ ಇದ್ದು, ಮೂತ್ರ ಕಡು ಹಳದಿಯಾಗಿ, ವಾಂತಿ, ಸುಸ್ತು ಇದ್ದರೆ ಆಗ ಡಾಕ್ಟರ ಹತ್ತಿರ ಹೋಗಿ. ಲಿವರ್ ಎಷ್ಟು ಬಳಲಿದೆ ಅಂತ ತಿಳಿಯಲು ರಕ್ತದಲ್ಲಿ ಬಿಲಿರುಬಿನ್, ಎಸ್‌ಜಿಪಿಟಿ ನೋಡುತ್ತಾರೆ. ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತಾರೆ. ಅಷ್ಟು ದಿನ ಹೆಂಡ ಬೇಡ, ಕೇಳದೆ ಪ್ಯಾರಾಸಿಟಮಾಲ್ ನುಂಗುವುದೂ ಬೇಡ, ಯಾರೋ ಹೇಳಿದ ಬೇರನ್ನು ಅರೆದು ಕುಡಿಯುವುದಂತೂ ಬೇಡವೇ ಬೇಡ, ಮೊದಲೇ ಬಳಲಿದ ಲಿವರ್ ಮೇಲೆ ಸುಮ್ನೆ ಇನ್ನೊಂದು ಹೊರೆ.

ಬಸುರಿಯಾಗಿದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ. ಕೊನೆಯ ಮೂರು ತಿಂಗಳಲ್ಲಿ ಈ ಸೋಂಕು ಬಂದರೆ ನೂರಕ್ಕೆ 20-25 ಜನರವರೆಗೂ ಸಾವು ಆಗಬಹುದು. ಹೆರಿಗೆ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೇ ಹೋಗಿ.

ಅತ್ತಿಗೆಯ ಮಗಳು ಆಗ ಏಳು ತಿಂಗಳ ಬಸುರಿ, ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. ಅದಕ್ಕೇ ಕೊನೆಗೆ ಬಾವಿಯ ವಿಷಯ ಕೇಳಿದೆ. ಶೌಚದ ಗುಂಡಿಯಿಂದ ಬಾವಿಗೆ ಕಡಿಮೆ ಅಂದರೂ 50 ಅಡಿ ದೂರ ಇರಬೇಕು. ಅವರದ್ದು 30 ಅಡಿಯೂ ಇರಲಿಲ್ಲ, ಅದರಲ್ಲೂ ಗುಂಡಿ ಬಾವಿಗಿಂತ ಮೇಲಿನ ದಿಬ್ಬದಲ್ಲಿ. ಗುಂಡಿ ಬದಲಿಸಲು ಬೇಸಿಗೆಯೇ ಬರಬೇಕು. ಅಲ್ಲಿಯವರೆಗೆ ಕುಡಿಯುವ ನೀರು ಕುದಿಸಿಯೇ ಕುಡಿಯಬೇಕು, ಬಿಸಿಯಾದರೆ ಸಾಲದು, ಗುಳ್ಳೆ ಎದ್ದು ಕೊತಕೊತ ಕುದಿಯಬೇಕು. ಮರುದಿನ ಬೆಳಿಗ್ಗೆ ಒಂದು ಫೋಟೊ ಬಂತು: ಒಲೆಯ ಮೇಲೆ ದೊಡ್ಡ ಪಾತ್ರೆ, ಪಕ್ಕದಲ್ಲಿ ಅತ್ತಿಗೆಯ ಸ್ಟೀಲಿನ ಲೋಟ.