ನಲ್ಲಿ ನಿಂತರೆ ಮೊದಲು ವಾಟರ್ ಹೀಟರ್ ನೋಡಿ

ಬೆಟ್ಟದ ಊರಿಗೆ ಚಂಡಮಾರುತ ಎಲ್ಲಿ ಬರುತ್ತೆ ಅನ್ನುವವರು 2024ರ ಸೆಪ್ಟೆಂಬರಿನ ಹೆಲೀನ್ ನೆನಪಿಸಿಕೊಳ್ಳಿ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಬೆಟ್ಟದೂರು ಆಶ್‌ವಿಲ್‌ನಲ್ಲಿ ಕುಡಿಯುವ ನೀರು ನಲ್ಲಿಗೆ ಮತ್ತೆ ಬಂದದ್ದು ನವೆಂಬರ್ 18ಕ್ಕೆ!

ಅಂಗಡಿಗೆ ಓಡಬೇಡಿ. ಟ್ಯಾಂಕ್ ಇರುವ ವಾಟರ್ ಹೀಟರ್‌ನಲ್ಲಿ ಸಾಮಾನ್ಯವಾಗಿ 40-50 ಗ್ಯಾಲನ್, ಅಂದರೆ 150 ಲೀಟರ್ ಅಥವಾ ಅದಕ್ಕೂ ಜಾಸ್ತಿ ನೀರು ಸುಮ್ನೆ ಕೂತಿರುತ್ತದೆ. ಮೊದಲು ಅದರ ಕರೆಂಟ್ ಅಥವಾ ಗ್ಯಾಸ್ ಆಫ್ ಮಾಡಿ. ನೀರು ಒಳಗೆ ಬರುವ ವಾಲ್ವ್ ಮುಚ್ಚಿ, ಪೂರ್ತಿ ಆರಲು ಬಿಡಿ. ಮನೆಯಲ್ಲಿ ಒಂದು ಬಿಸಿನೀರಿನ ನಲ್ಲಿ ತೆರೆದಿಡಿ, ಗಾಳಿ ಒಳಗೆ ಹೋಗದಿದ್ದರೆ ನೀರು ಇಳಿಯಲ್ಲ. ಆಮೇಲೆ ಟ್ಯಾಂಕಿನ ಬುಡದ ನಲ್ಲಿಯಿಂದ ಹಿಡಿಯಿರಿ. ಮೊದಲಿಗೆ ಕಂದು ಬಣ್ಣದ ಗಸಿ ಬರುತ್ತದೆ. ಚೆಲ್ಲಬೇಡಿ, ಟಾಯ್ಲೆಟ್‌ಗೆ ಆಗುತ್ತೆ. ಟ್ಯಾಂಕ್ ಮತ್ತೆ ತುಂಬುವವರೆಗೆ ಹೀಟರ್ ಆನ್ ಮಾಡಲೇಬೇಡಿ.

ಟಾಯ್ಲೆಟ್‌ಗೆ ತೊರೆಯ ನೀರೂ ಸಾಕು. ಅರ್ಧ ಬಕೆಟ್ ನೀರನ್ನು ಕಮೋಡ್‌ಗೇ ಒಮ್ಮೆಲೇ ಸುರಿಯಿರಿ. ಆದರೆ ನೆರೆ ನೀರನ್ನು ಕುಡಿಯಬೇಡಿ. ಅದರಲ್ಲಿ ಪೆಟ್ರೋಲ್, ರಾಸಾಯನಿಕ ಬೆರೆತಿದ್ದರೆ ಕುದಿಸಿದರೂ ಹೋಗಲ್ಲ.

ಅಡುಗೆಗೆ ಅವಲಕ್ಕಿಯೇ ಗತಿ, ಅದೂ ಒಳ್ಳೆಯ ಗತಿ! ತೆಳು ಅವಲಕ್ಕಿಗೆ ಒಲೆ ಬೇಡ, ಒಂದಿಷ್ಟು ನೀರು ಚಿಮುಕಿಸಿ ಉಪ್ಪಿನಕಾಯಿ ಎಣ್ಣೆ ಕಲಸಿದರೆ ಮುಗೀತು. ಅನ್ನ ಬೇಕೇ ಬೇಕಾದರೆ ಕ್ಯಾಂಪ್ ಸ್ಟೌ ಮೇಲೆ ಕುಕ್ಕರ್ ಇಡಿ, ಗ್ಯಾಸ್ ಉಳಿಯುತ್ತೆ. ಸ್ಟೌ ಮಾತ್ರ ಮನೆ ಹೊರಗೇ ಇರಲಿ. ಗ್ಯಾರೇಜಿನಲ್ಲೂ ಬೇಡ, ಅದರ ವಿಷಗಾಳಿಗೆ ವಾಸನೆಯೇ ಇರಲ್ಲ.

ಕೈಯಲ್ಲಿ ಸ್ವಲ್ಪ ಚಿಲ್ಲರೆ ನೋಟು ಇಟ್ಟುಕೊಳ್ಳಿ. ನೆಟ್‌ವರ್ಕ್ ಇಲ್ಲದಿದ್ದರೆ ಕಾರ್ಡ್ ನಡೆಯಲ್ಲ.